ಜಗುಲಿಯಲ್ಲಿ ಕೂತು ಬರೆದ ಮಹಜರು

ನನ್ನ ಸಹಿ ಚೆನ್ನಾಗಿದೆ ಎಂದು ಮೊದಲು ಹೇಳಿದವರು ಪ್ರೈಮರಿ ಶಾಲೆಯ ಮೇಷ್ಟ್ರು. ಆಮೇಲೆ ಊರಿಗೆ ಊರೇ ಹೇಳಿತು. ಮೊದಲಕ್ಷರಕ್ಕೆ ಒಂದು ದೊಡ್ಡ ಸುರುಳಿ, ಕೊನೆಯ ಅಕ್ಷರದಿಂದ ಹಿಂದಕ್ಕೆಳೆದ ಒಂದು ಗೆರೆ, ಅದರ ಕೆಳಗೆ ಎರಡು ಚುಕ್ಕೆ. ಹೊಗಳಿಕೆ ನನ್ನಂಥ ಮೂರ್ಖನ ತಲೆಗೆ ಬೇಗ ಏರುತ್ತದೆ. ಪೆನ್ನು ಕೈಗೆ ಬಂದರೆ ಸಾಕು, ಯಾವ ಕಾಗದ ಎಂದೂ ನೋಡದೆ ಸಹಿ ಹಾಕುವ ಚಟ ಹತ್ತಿತು. ಕೆಲವರಿಗೆ ಕುಡಿತ, ಕೆಲವರಿಗೆ ಇಸ್ಪೀಟು, ನನಗೆ ಇದು.

ನಾನು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಆಳುಗಳ ಹಾಜರಿ ಬರೆಯುವುದು, ಸ್ಟೋರಿನ ಬೀಗದ ಕೈ ಇಟ್ಟುಕೊಳ್ಳುವುದು, ಸಾಹುಕಾರರು ಬೈದಾಗ ತಲೆ ತಗ್ಗಿಸುವುದು, ಅವರು ಜೀಪು ಹತ್ತಿ ಹೋದ ಮೇಲೆ ಅದೇ ಬೈಗುಳವನ್ನು ಆಳುಗಳಿಗೆ ಹಂಚುವುದು, ಇಷ್ಟೇ ರೈಟರ್ ಕೆಲಸ. ಯಸಳೂರಿನ ಆಚೆ, ಬೆಟ್ಟದ ಮಗ್ಗುಲಿನ ರಸ್ತೆಯ ಪಕ್ಕ ನಮ್ಮ ಕ್ವಾರ್ಟರ್ಸ್ ಇತ್ತು. ರಸ್ತೆಗೆ ಹತ್ತಿರ, ಜಗುಲಿ ಅಗಲ, ನನ್ನ ಹೆಂಡತಿಯ ಕೈಯಡುಗೆ ರುಚಿ. ಸರ್ಕಾರ ನಮ್ಮ ಮನೆಗೆ ಬಂದು ಕೂರುವುದಕ್ಕೆ ಇಷ್ಟು ಸಾಕಾಯಿತು.

ಸರ್ಕಾರ ಎಂದರೆ ಇಲ್ಲಿ ಕಂದಾಯ ನಿರೀಕ್ಷಕರು. ನಮ್ಮವರ ಬಾಯಲ್ಲಿ ಆರ್‌ಐ. ಯಾವ ಊರಿನ ಕಚೇರಿಯವರು ಎಂದು ನಾನು ಬರೆಯುವುದಿಲ್ಲ. ಬರೆದರೆ ಆ ಊರಿನವರು 'ನಮ್ಮಲ್ಲಿ ಮಾತ್ರವೇ ಹೀಗೆ?' ಎಂದು ಜಗಳಕ್ಕೆ ಬರುತ್ತಾರೆ, ಅವರ ಜಗಳದಲ್ಲಿ ನ್ಯಾಯವೂ ಇರುತ್ತದೆ.

ಒಂದು ಜಮೀನಿನ ಬಗ್ಗೆ ನಿಜ ತಿಳಿಯಬೇಕಾದಾಗ ಅಧಿಕಾರಿ ಅಲ್ಲಿಗೆ ಹೋಗಿ, ಕಣ್ಣಾರೆ ನೋಡಿ, ಊರಿನ ಇಬ್ಬರನ್ನು ಸಾಕ್ಷಿಗೆ ನಿಲ್ಲಿಸಿಕೊಂಡು ಅಲ್ಲೇ ಬರೆಯಬೇಕು. ಆ ಕಾಗದ ಮಹಜರು, ಆ ಸಾಕ್ಷಿಗಳು ಪಂಚರು. ಇದು ಕಾನೂನು. ನಮ್ಮ ಕಡೆಯ ಪದ್ಧತಿ ಬೇರೆ. ಜಮೀನು ಗುಡ್ಡದ ಮೇಲಿರುತ್ತದೆ, ದಾರಿಯಲ್ಲಿ ಇಂಬಳ ಕಾಲಿಗೆ ಹತ್ತಿ ರಕ್ತ ಹೀರುತ್ತವೆ, ಜೀಪು ರಸ್ತೆಯಲ್ಲೇ ನಿಲ್ಲುತ್ತದೆ. ಹಾಗಾಗಿ ಆರ್‌ಐ ನಮ್ಮ ಜಗುಲಿಯ ಬೆತ್ತದ ಕುರ್ಚಿಯಲ್ಲಿ ಕೂತು ಬೂಟಿನ ದಾರ ಸಡಿಲ ಮಾಡಿಕೊಂಡು ಕೇಳುತ್ತಿದ್ದರು.

"ಜಾಗ ಎಲ್ಲೈತೆ ರೈಟ್ರೇ?"

"ಅಗೋ, ಆ ಸಿಲ್ವರ್ ಮರ ಕಾಣ್ತಾವಲ್ಲ ಸಾರ್, ಅದರಿಂದಾಚೆಗೆ."

"ಸರಿ ಬಿಡಿ, ನೋಡ್ದಂಗಾಯ್ತು."

ಅಷ್ಟು ಹೇಳಿ ಅವರು ಬರೆಯುತ್ತಿದ್ದರು: 'ಸದರಿ ಸ್ಥಳಕ್ಕೆ ಪಂಚರೊಂದಿಗೆ ಖುದ್ದು ತೆರಳಿ ಪರಿಶೀಲಿಸಿ ನೋಡಲಾಗಿ...' ಆ 'ನೋಡಲಾಗಿ' ಬರೆಯುವಾಗ ಅವರ ಕಣ್ಣು ಅಡುಗೆಮನೆಯ ಬಾಗಿಲ ಮೇಲಿರುತ್ತಿತ್ತು. ಕಡುಬು, ಕೋಳಿ ಸಾರು ಬರುವ ಹೊತ್ತಿಗೆ ಮಹಜರು ಮುಗಿದಿರುತ್ತಿತ್ತು. ಒಂದನೇ ಪಂಚನ ಜಾಗದಲ್ಲಿ ನನ್ನ ಸಹಿ. ಎರಡನೆಯದು ಆ ಹೊತ್ತಿಗೆ ರಸ್ತೆಯಲ್ಲಿ ಯಾರು ಹೋಗುತ್ತಿದ್ದರೋ ಅವರದು.

ಕೈ ತೊಳೆದು ಎದ್ದು ಹೊರಡುವಾಗ ಅವರು ಚೀಲದಿಂದ ಎರಡು ಬಿಳಿ ಹಾಳೆ ತೆಗೆದು ಹೇಳುತ್ತಿದ್ದರು, "ಇದ್ಕೂ ಒಂದೊಂದು ಸಹಿ ಹಾಕ್ಬುಡಿ ರೈಟ್ರೇ. ಪದೇ ಪದೇ ನಿಮಗ್ಯಾಕೆ ತೊಂದ್ರೆ."

ತೊಂದರೆ ನನಗಂತೆ. ನಾನೂ ಹಲ್ಲು ಕಿರಿದು ಹಾಕಿಕೊಡುತ್ತಿದ್ದೆ. ಮನೆಯಲ್ಲಿ ಉಂಡು ಎದ್ದವರಿಗೆ ಇಲ್ಲ ಎನ್ನುವುದು ಹೇಗೆ? ನನ್ನ ಹೆಂಡತಿ ಒಮ್ಮೆ ಪಾತ್ರೆ ತೊಳೆಯುತ್ತಲೇ ಹೇಳಿದಳು, "ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರಕ್ಕೆ ತಾವಿಲ್ಲ ಅಂತಾರೆ. ನೀವು ನೋಡಿದ್ರೆ ವರ್ಷಕ್ಕೆ ನಾಕು ಸಲ ಆಯ್ತಿದೀರ." ನಾನು ನಕ್ಕೆ. ಯಾರಿಂದಲೂ ಒಂದು ಬಿಡಿಗಾಸು ಮುಟ್ಟಿದವನಲ್ಲ ನಾನು, ಆ ಹೆಮ್ಮೆ ಬೇರೆ ಇತ್ತು. ದುಡ್ಡು ಮುಟ್ಟದವನು ಪ್ರಾಮಾಣಿಕ ಎಂದು ನಮ್ಮ ಕಡೆ ಎಲ್ಲರೂ ತಿಳಿದಿದ್ದಾರೆ, ನಾನೂ ತಿಳಿದಿದ್ದೆ.

ಎಸ್ಟೇಟಿನ ಕಾಫಿ ಕುಯ್ಲಿನ ಗ್ಯಾಂಗಿನಲ್ಲಿ ಒಬ್ಬ ಹೆಂಗಸಿದ್ದಳು. ಈಗ ಐವತ್ತು ದಾಟಿದೆ. ಅವಳ ಗಂಡ ನಮ್ಮ ತೋಟದಲ್ಲೇ ಮರಗಸಿ ಮಾಡುವಾಗ, ಅಂದರೆ ನೆರಳಿನ ಮರದ ರೆಂಬೆ ಕಡಿಯುವಾಗ, ಮೇಲಿಂದ ಬಿದ್ದು ಸತ್ತ. ಪರಿಹಾರ ಕೊಡಬೇಕಾದ ಸಾಹುಕಾರರು ಆಗ ದೊಡ್ಡ ಮನಸ್ಸು ಮಾಡಿದರು. ತೊರೆಯ ಮೇಲಿನ ಇಳಿಜಾರು ತೋರಿಸಿ, "ಅದ್ರಾಗೆ ಏನಾರ ಬೆಳ್ಕೊಂಡು ತಿನ್ನು ಹೋಗು, ಯಾರೂ ಕೇಳಕಿಲ್ಲ" ಎಂದರು. ಇಳಿಜಾರು ಸರ್ಕಾರದ್ದು. ತನ್ನದಲ್ಲದ್ದನ್ನು ದಾನ ಮಾಡುವಾಗ ನಮ್ಮ ಸಾಹುಕಾರರ ಕೈ ಯಾವತ್ತೂ ಹಿಂದೆ ಬಿದ್ದದ್ದಿಲ್ಲ.

ಅವಳು ಅಲ್ಲಿ ಲಂಟಾನ ಕಡಿದಳು, ಕಲ್ಲು ಹೊತ್ತು ಬದು ಹಾಕಿದಳು. ನಾಲ್ಕು ಶೀಟಿನ ಮನೆ ಎದ್ದಿತು. ಎಸ್ಟೇಟಿನ ನರ್ಸರಿಯಲ್ಲಿ ಎಸೆದ ಕಾಫಿ ಗಿಡಗಳನ್ನೇ ಒಯ್ದು ನೆಟ್ಟಳು. ಹೆಚ್ಚೆಂದರೆ ಒಂದು ಎಕರೆ. ಕಾಫಿ ಬಂತು, ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿತು. ಇಪ್ಪತ್ತೈದು ವರ್ಷದ ಮೇಲೆ, ಬಡವರು ಉಳುಮೆ ಮಾಡಿಕೊಂಡು ಬಂದ ಸರ್ಕಾರಿ ಜಮೀನನ್ನು ಅವರಿಗೇ ಮಂಜೂರು ಮಾಡುವ ಬಗರ್ ಹುಕುಂ ಅರ್ಜಿಯನ್ನೂ ಹಾಕಿದಳು. ಆ ಅರ್ಜಿ ಬರೆದುಕೊಟ್ಟವನು ನಾನೇ.

ಒಂದು ದಿನ ಬೆಳಿಗ್ಗೆಯೇ ಅವಳು ಕ್ವಾರ್ಟರ್ಸಿಗೆ ಬಂದಳು. ಆಗಲೇ ನಾನು ರಿಟೈರ್ ಆಗಿ ಒಂದು ವರ್ಷವಾಗಿತ್ತು, ಸಾಹುಕಾರರ ದಯೆಯಿಂದ ಅದೇ ಮನೆಯಲ್ಲಿದ್ದೆ. ಅವಳ ಕೈಯಲ್ಲಿ ಸರ್ಕಾರದ ಕಾಗದ.

"ರೈಟ್ರೇ, ಇದ್ರಾಗೆ ಏನೈತೆ ಓದ್ಹೇಳಿ. ಪೋಸ್ಟಿನವ್ರು ಸಹಿ ಹಾಕುಸ್ಕೊಂಡು ಕೊಟ್ರು."

ಓದಿದೆ. ಸ್ಥಳ ಮಹಜರಿನ ಪ್ರಕಾರ ಸದರಿ ಜಮೀನಿನಲ್ಲಿ ಅರ್ಜಿದಾರರ ಅನುಭವ ಕಂಡುಬಂದಿಲ್ಲ, ಜಮೀನು ಪಕ್ಕದ ಎಸ್ಟೇಟಿನ ಸಾಗುವಳಿಯಲ್ಲಿದೆ, ಆದ್ದರಿಂದ ಅರ್ಜಿ ವಜಾ. ಸರ್ಕಾರಿ ಜಾಗ ಒತ್ತಿಕೊಂಡು ಕಾಫಿ ಹಾಕಿದ ಪ್ಲಾಂಟರುಗಳಿಗೆ ಆ ಜಾಗವನ್ನು ಗುತ್ತಿಗೆಗೆ ಕೊಡುವ ಕಾನೂನು ಆಗ ಬಂದಿತ್ತು. ಸಾಹುಕಾರರು ಗುತ್ತಿಗೆ ಕೇಳಿ ಕೊಟ್ಟ ನಕ್ಷೆಯಲ್ಲಿ ಅವಳ ಇಳಿಜಾರೂ ಸೇರಿತ್ತು. ದೊಡ್ಡವರು ಬೇಲಿ ಸರಿಸಿದರೆ ಅಭಿವೃದ್ಧಿ, ಬಡವರು ಗುದ್ದಲಿ ಹಾಕಿದರೆ ಒತ್ತುವರಿ. ನಮ್ಮ ತಾಲ್ಲೂಕಿನಲ್ಲಿ ಇದನ್ನು ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ.

"ಅಂಗಂದ್ರೆ ನಾನು ಅಲ್ಲಿಲ್ವಂತಾ?" ಎಂದಳು.

"ಇಲ್ವಂತೆ."

"ಮನೆ?"

"ಅದೂ ಇಲ್ವಂತೆ."

ಅವಳು ಸೀರೆಯ ಸೆರಗಿನಲ್ಲಿ ಕತ್ತು ಒರೆಸಿಕೊಂಡು ಕಾಗದವನ್ನು ವಾಪಸು ತೆಗೆದುಕೊಂಡು ಮಡಚಿದಳು. ಆ ಮನೆ ಹೋದರೆ ಅವಳಿಗೆ ಮತ್ತೆ ಎಸ್ಟೇಟ್ ಲೈನಿನ, ಅಂದರೆ ಆಳುಗಳ ಸಾಲುಮನೆಯ, ಒಂದು ಕೋಣೆಯೇ ಗತಿ. ಕೂಲಿಗೆ ಹೋಗಲಾಗದ ದಿನ ಬಂದರೆ ಅದೂ ಇಲ್ಲ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನನಗೆ ಸಿಟ್ಟು ಉರಿಯಿತು. "ಯಾವನೋ ಹಲ್ಕಾ ಸುಳ್ಳು ಪಂಚನಾಗಿದಾನೆ ಕಣಮ್ಮ. ಅನ್ನ ತಿನ್ನೋ ಬಾಯಲ್ಲಿ ಮಣ್ಣು ತಿಂದಿದಾನೆ. ನಕಲು ತೆಗ್ಸಾನ. ಅವನ ಹೆಸರು ಗೊತ್ತಾಗ್ಲಿ, ಯಸಳೂರು ಸಂತೇಲಿ ನಿಲ್ಸಿ ಕೇಳ್ತೀನಿ" ಎಂದೆ. ಓದುವ ನಿಮಗೆ ಈಗಾಗಲೇ ಗೊತ್ತಾಗಿದೆ. ನನಗೆ ಗೊತ್ತಾಗಲು ಇನ್ನೂ ಮೂರು ತಿಂಗಳು ಬೇಕಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗೆ ತಾನು ಕದ್ದದ್ದಾದರೂ ನೆನಪಿರುತ್ತದೆ. ನನಗೆ ಅದೂ ಇರಲಿಲ್ಲ.

ಆ ಮೂರು ತಿಂಗಳು ನಾನು ಟೀ ಅಂಗಡಿಯಲ್ಲಿ ಭಾಷಣ ಮಾಡಿದೆ. ಬಸ್ಸು ಕಾಯುವವರೆಲ್ಲ ಕೇಳಿದರು. ಸಾಕ್ಷಿ ಮಾರಿಕೊಂಡವರ ವಂಶ ಉದ್ಧಾರ ಆಗುವುದಿಲ್ಲ ಎಂದೆ, ಕೇಳಿದವರು ಹೌದೌದು ಎಂದು ಬೀಡಿ ಹಚ್ಚಿದರು. ಆ ತಲೆಯಾಡಿಸಿದವರಲ್ಲಿ ಅರ್ಧ ಜನರ ಮಹಜರುಗಳಿಗೆ ನನ್ನದೇ ಸಹಿ ಇತ್ತು. ಆನೆ ಬಂದು ಗದ್ದೆಯ ಒಂದು ಮೂಲೆ ತುಳಿದರೆ ಕಾಗದದಲ್ಲಿ ಇಡೀ ಗದ್ದೆ ತುಳಿದಿರುತ್ತಿತ್ತು. ಗಾಳಿಗೆ ಹಾರಿದ್ದು ಎರಡು ಹೆಂಚು, ಕಾಗದದಲ್ಲಿ ಮಾಡೇ ಹಾರಿರುತ್ತಿತ್ತು. ಇದೆಲ್ಲ ಊರಿಗೆ ಮಾಡುವ ಉಪಕಾರ ಎಂದು ನಾವು ಕರೆಯುತ್ತಿದ್ದೆವು. ಭ್ರಷ್ಟಾಚಾರ ಎಂಬುದು ವಿಧಾನಸೌಧದಲ್ಲಿ ಮಾತ್ರ ನಡೆಯುವ ಕೆಲಸ.

ನಕಲಿಗಾಗಿ ಕಚೇರಿಗೆ ಎಷ್ಟು ಸಲ ಹೋದೆವೋ. ಅವಳು ಹೋದ ದಿನವೆಲ್ಲ ಕೂಲಿ ಹೋಯಿತು. ಕೌಂಟರಿನ ಗುಮಾಸ್ತನಿಗೆ ಕೇಳಿದರೆ ಕಡತ ಮೇಲೆ ಹೋಗಿದೆ ಎನ್ನುತ್ತಿದ್ದ. ಮೇಲೆ ಹೋಗಿ ಕೇಳಿದರೆ ಕೆಳಗೇ ಇದೆ ಎನ್ನುತ್ತಿದ್ದರು. ಮತ್ತೆ ಕೆಳಗೆ ಬಂದರೆ ಅವನು ಊಟಕ್ಕೆ ಹೋಗಿರುತ್ತಿದ್ದ, ಇಲ್ಲವೇ ಸರ್ವರ್ ಊಟಕ್ಕೆ ಹೋಗಿರುತ್ತಿತ್ತು. ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಅಂದರೆ ಮೂರು ಮತ್ತೊಂದು ಎನ್ನುವ ಜಾತಿ. ಗೋಡೆಯ ಮೇಲೆ 'ಲಂಚ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ' ಎಂಬ ಫಲಕವಿತ್ತು. ಅದರ ಮೊಳೆಗೆ ಯಾರದೋ ಊಟದ ಚೀಲ ನೇತಾಡುತ್ತಿತ್ತು, ಹಾಗಾಗಿ 'ಅಪರಾಧ' ಒಂದು ಕಡೆ ಮಾತ್ರ ಕಾಣುತ್ತಿತ್ತು.

ಕೊನೆಗೆ ಒಂದು ಮಧ್ಯಾಹ್ನ ಗುಮಾಸ್ತ ನಕಲನ್ನು ಕೌಂಟರಿನ ಮೇಲೆ ತಳ್ಳಿದ. ನನ್ನ ಮುಖ ನೋಡಿ ಸಣ್ಣಗೆ ನಕ್ಕ. ಏಕೆ ನಕ್ಕನೆಂದು ಹೊರಗೆ ಬಂದು ಕನ್ನಡಕ ಹಾಕಿಕೊಂಡ ಮೇಲೆ ಗೊತ್ತಾಯಿತು. ಟೈಪು ಮಾಡಿದ ಒಂದು ಹಾಳೆ. ಪಂಚರೊಂದಿಗೆ ಖುದ್ದು ತೆರಳಿ ನೋಡಲಾಗಿ ಸದರಿ ಜಾಗದಲ್ಲಿ ಯಾವುದೇ ವಾಸದ ಮನೆ ಇರುವುದಿಲ್ಲ. ಕೆಳಗೆ, ಒಂದನೇ ಪಂಚ. ದೊಡ್ಡ ಸುರುಳಿ, ಹಿಂದಕ್ಕೆಳೆದ ಗೆರೆ, ಎರಡು ಚುಕ್ಕೆ. ಬಿಳಿ ಹಾಳೆಯ ತಳದಲ್ಲಿ ಮೊದಲು ಸಹಿ ಹಾಕಿದ್ದರಿಂದ ಟೈಪು ಮಾಡಿದ ಸಾಲುಗಳು ಅದರ ಮೇಲೆ ಇಕ್ಕಟ್ಟಾಗಿ ಕೂತಿದ್ದವು. ನಕಲಿನಲ್ಲೂ ಸಹಿ ಚೆನ್ನಾಗಿ ಬಂದಿತ್ತು.

ಸಕಲೇಶಪುರದಲ್ಲಿ ಬಸ್ಸು ಬದಲಾಯಿಸಿ ಯಸಳೂರಿನ ಬಸ್ಸು ಹತ್ತಿದೆವು. ಅವಳು ಪಕ್ಕದ ಸೀಟಿನಿಂದ ಬಾಗಿ ಕೇಳಿದಳು, "ಯಾರು ಅಂತ ಗೊತ್ತಾಯ್ತಾ ರೈಟ್ರೇ?"

"ಅಕ್ಷರ ಸರಿ ಕಾಣ್ತಿಲ್ಲ ಕಣಮ್ಮ. ಮನೇಲಿ ಬೆಳಕಲ್ಲಿ ನೋಡ್ತೀನಿ" ಎಂದೆ.

ಮಧ್ಯಾಹ್ನ ಮೂರು ಗಂಟೆ, ಕಿಟಕಿಯ ಪಕ್ಕದ ಸೀಟು. ಬೆಳಕಿಗೆ ಏನೂ ಬರವಿರಲಿಲ್ಲ. ಮೂರು ತಿಂಗಳು ಬಾಯಿಗೆ ಬಂದಂತೆ ಬೈದಿದ್ದೆನಲ್ಲ, ಆ ಹಲ್ಕಾ, ಆ ಮಣ್ಣು ತಿಂದವನು, ಅವನ ಹೆಸರು ಹೇಳಲು ನನಗೆ ನಾಲಗೆ ಏಳಲಿಲ್ಲ. ನನ್ನ ಜೀವಮಾನದಲ್ಲಿ ನಾನು ಕಂಡ ಹೇಡಿಗಳ ಪೈಕಿ ಆ ದಿನ ಬಸ್ಸಿನಲ್ಲಿ ಕೂತಿದ್ದವನೇ ಮೊದಲನೆಯವನು.

ನಾಲ್ಕು ದಿನ ಅವಳಿಂದ ತಲೆ ತಪ್ಪಿಸಿಕೊಂಡೆ. ಹೆಂಡತಿಗೆ ನಕಲು ತೋರಿಸಿ, ಅವಳು ಬಂದರೆ ಮನೆಯಲ್ಲಿಲ್ಲ ಎಂದು ಹೇಳು ಅಂದೆ. ಐದನೆಯ ದಿನ ಅವಳು ಬಂದಾಗ ನನ್ನ ಹೆಂಡತಿ ಬಾಗಿಲು ಪೂರ್ತಿ ತೆಗೆದು, "ಒಳಗವ್ರೆ, ಬಾ. ನಿನಗೆ ಏನೋ ಹೇಳದೈತಂತೆ" ಎಂದು ಕರೆದು ಕೂರಿಸಿದಳು. ನನಗೆ ಕಾಫಿಯನ್ನೂ ಕೊಡಲಿಲ್ಲ.

ಹೇಳಿದೆ. ಬಿಳಿ ಹಾಳೆಯ ವಿಷಯ, ಜಗುಲಿಯ ವಿಷಯ, ಎಲ್ಲ. ಕೊನೆಗೆ, ನಾನು ದೇವರಾಣೆಗೂ ಒಂದು ಪೈಸೆ ಮುಟ್ಟಿಲ್ಲ ಎಂದೂ ಹೇಳಿದೆ. ಅದು ನನ್ನ ಪರವಾಗಿ ಇದ್ದ ಒಂದೇ ಮಾತು, ಅದನ್ನು ಬಿಡುವುದಕ್ಕೆ ಮನಸ್ಸು ಬರಲಿಲ್ಲ.

ಅವಳು ಬೈಯುತ್ತಾಳೆ ಎಂದು ಕಾದೆ. ಅವಳು ನಿಧಾನಕ್ಕೆ ಹೇಳಿದಳು, "ದುಡ್ಡಾದ್ರೂ ಇಸ್ಕೊಂಡಿದ್ರೆ ನನ್ ಜಮೀನು ಇಷ್ಟಕ್ಕೆ ಹೋಯ್ತು ಅನ್ಕೋತಿದ್ದೆ. ಸುಮ್ನೆ ಕೊಟ್ಬುಟ್ರಲ್ಲ ರೈಟ್ರೇ."

 

ಮೇಲಧಿಕಾರಿಗೆ ಅಪೀಲು ಹಾಕಿದೆವು. ಗೆಲ್ಲಬೇಕಾದರೆ ದಾರಿ ಒಂದೇ ಇತ್ತು: ಒಂದನೇ ಪಂಚನೇ ಬಂದು, ನಾನು ಜಾಗಕ್ಕೆ ಹೋಗಿಲ್ಲ, ಖಾಲಿ ಹಾಳೆಗೆ ಸಹಿ ಹಾಕಿದ್ದು ಎಂದು ಹೇಳಬೇಕು. ಈ ಸುದ್ದಿ ಹೊರಬಿದ್ದ ಮಾರನೆಯ ದಿನವೇ ಆರ್‌ಐ ಫೋನು ಮಾಡಿದರು. ಅಷ್ಟು ವರ್ಷದಲ್ಲಿ ಅವರಾಗಿ ಫೋನು ಮಾಡಿದ್ದು ಅದೇ ಮೊದಲು.

"ಏನ್ ರೈಟ್ರೇ, ಚೆನ್ನಾಗಿದೀರಾ? ಒಂದು ಮಹಜರು ಸುಳ್ಳು ಅಂದ್ರೆ ನೀವು ಸಹಿ ಹಾಕಿರೋದೆಲ್ಲ ತೆಗೀಬೇಕಾಯ್ತದೆ. ಆನೆ ಪರಿಹಾರ, ಮನೆ ಬಿದ್ದಿದ್ದು, ಖಾತೆ ಬದಲಾವಣೆ. ನಿಮ್ಮೂರವ್ರಿಗೇ ಕಷ್ಟ. ನನಗೇನು, ನಾನು ಇವತ್ತು ಇಲ್ಲಿ, ನಾಳೆ ಇನ್ನೊಂದು ಕಡೆ."

ಈ ಮಾತನ್ನು ಅವರು ನನಗೊಬ್ಬನಿಗೇ ಹೇಳಿರಲಿಲ್ಲ. ಸಂಜೆಗೆ ಜಗುಲಿ ತುಂಬ ಜನ. ಟೀ ಅಂಗಡಿಯಲ್ಲಿ ನನ್ನ ಭಾಷಣ ಕೇಳಿ ಹೌದೌದು ಎಂದವರೇ ಎಲ್ಲ. ನನ್ನ ಜೊತೆ ಶಾಲೆಗೆ ಬಂದವನೊಬ್ಬ, ಈಗ ಸಣ್ಣ ಹಿಡುವಳಿದಾರ, ಎಲ್ಲರ ಪರವಾಗಿ ಮಾತಾಡಿದ.

"ಅವಳ್ದೊಂದು ಎಕರೆಗೆ ಊರನ್ನೇ ಹಾಳು ಮಾಡ್ತೀಯೇನೋ ಮಾರಾಯ? ಪಾಪ ಅಂತ ನಮಗೂ ಐತೆ. ಒಂದಿಷ್ಟು ದವಸ ಧಾನ್ಯ ಎಲ್ಲಾ ಸೇರ್ಸಿ ಕೊಟ್ಬುಡಾನ."

"ಜಮೀನಿಗೆ ಬದ್ಲು ದವಸ?" ಎಂದೆ.

"ಮತ್ತಿನ್ನೇನು ಮಾಡಾನ? ಸಾವ್ಕಾರ್ರ ಎದುರು ನಿಲ್ಲಕಾಯ್ತದಾ?"

ಅವರ ಮುಖಗಳನ್ನು ನೋಡುತ್ತ ಹೋದೆ. ಕಳ್ಳರಲ್ಲ, ಕೊಲೆಗಾರರಲ್ಲ. ನೆಂಟರ ಮದುವೆಗೆ ಸಾಲ ಮಾಡಿ ಮುಯ್ಯಿ ಹಾಕುವವರು, ಸತ್ತವರ ಮನೆಗೆ ಮೊದಲು ಓಡುವವರು. ಒಬ್ಬ ಹೆಂಗಸು ಬದುಕಿರುವ ಮನೆಯನ್ನು ಕಾಗದದಲ್ಲಿ ಇಲ್ಲ ಎಂದು ಬರೆದದ್ದು ಇವರಲ್ಲಿ ಒಬ್ಬರಿಗೂ ನಿದ್ದೆ ಕೆಡಿಸಿರಲಿಲ್ಲ. ಆ ಮನೆಯನ್ನು ಇದೆ ಎಂದು ಬರೆಯುವುದು ಮಾತ್ರ ಎಲ್ಲರ ನಿದ್ದೆ ಕೆಡಿಸಿತ್ತು. ನನಗೆ ಹೇಸಿಗೆಯಾಯಿತು. ಅವರನ್ನು ಹೀಗೆ ಬೆಳೆಸಿದ ಉಪಕಾರಿಯೂ ಅದೇ ಜಗುಲಿಯಲ್ಲಿ ಕೂತಿದ್ದನಲ್ಲ, ಅವನ ಮೇಲೆ ಇನ್ನೂ ಹೆಚ್ಚು ಹೇಸಿಗೆಯಾಯಿತು.

ಮೂರನೆಯ ದಿನ ಸಾಹುಕಾರರು ಕರೆಸಿದರು. ಸಿಟ್ಟು ಮಾಡಲಿಲ್ಲ. ಅವರು ಸಿಟ್ಟು ಮಾಡುವುದು ಆಳುಗಳ ಮೇಲೆ, ಕೆಲಸ ಆಗಬೇಕಾದವರ ಹತ್ತಿರ ಪ್ರೀತಿ.

"ನಿನ್ನ ಕ್ವಾರ್ಟರ್ಸ್ ಹೆಂಚು ಬದಲಾಯ್ಸಾನ ಅಂತಿದ್ದೆ ಮಾರಾಯ. ಇನ್ನೂ ಎಷ್ಟು ವರ್ಷ ಇರ್ತೀಯೋ ಅಷ್ಟು ವರ್ಷ ಇರು. ಆ ಹೆಂಗ್ಸಿಗೆ ಲೈನಲ್ಲಿ ಒಂದು ಮನೆ ಕೊಡ್ತೀನಿ. ಇದ್ರಾಗೆ ಜಗಳ ಎಲ್ಲೈತೆ ಹೇಳು?"

ಎದುರಿನ ಗೋಡೆಯಲ್ಲಿ, ಯಾವುದೋ ಸಮಾರಂಭದಲ್ಲಿ ಅವರು ಕೈ ಮುಂದೆ ಚಾಚಿ ಭ್ರಷ್ಟಾಚಾರ ವಿರೋಧಿ ಪ್ರತಿಜ್ಞೆ ತೆಗೆದುಕೊಳ್ಳುತ್ತಿದ್ದ ಫೋಟೋ ಇತ್ತು. ಅವರ ಪಕ್ಕದಲ್ಲಿ ಅದೇ ಆರ್‌ಐ ಕೂಡ ಕೈ ಚಾಚಿ ನಿಂತಿದ್ದರು. ಯೋಚನೆ ಮಾಡಿ ಹೇಳುತ್ತೇನೆ ಎಂದು ಎದ್ದು ಬಂದೆ. ಬೇಡ ಎಂದು ಮುಖಕ್ಕೆ ಹೊಡೆದಂತೆ ಹೇಳಿದೆ ಅಂತ ಬರೆದುಕೊಳ್ಳಬಹುದಿತ್ತು. ಹೇಳಲಿಲ್ಲ.

ಮನೆಗೆ ಬಂದರೆ ಹೆಂಡತಿ ಅಟ್ಟದಿಂದ ಹಿತ್ತಾಳೆ ಪಾತ್ರೆ ಇಳಿಸಿ ಗೋಣಿಚೀಲಕ್ಕೆ ತುಂಬುತ್ತಿದ್ದಳು.

"ಇದೇನೇ?"

"ಯಸಳೂರಲ್ಲಿ ಬಾಡಿಗೆ ಮನೆ ನೋಡಿ ಬಂದೆ. ಎರಡು ರೂಮೈತೆ. ಜಗುಲಿ ಇಲ್ಲ, ಅದೇ ವಾಸಿ" ಎಂದಳು. "ನಿಮ್ಮ ಕಾಗದಕ್ಕೆ ಕಡುಬು ಬೇಯ್ಸಿದವಳು ನಾನು. ಅವಳ ಮನೆ ಹೋದ್ರೆ ನನ್ನ ಒಲೇನೂ ಅದ್ರಾಗೆ ಸೇರೈತೆ."

ಹಾಗಾಗಿ ನಾನು ವಿಚಾರಣೆಗೆ ಹೋದೆ. ಧೈರ್ಯ ನನ್ನದಲ್ಲ ಎಂದು ಇಲ್ಲಿ ದಾಖಲಾಗಲಿ.

ಮೇಲಧಿಕಾರಿ ಚಿಕ್ಕ ವಯಸ್ಸಿನವರು, ಎದುರಿಗೆ ಕಡತಗಳ ರಾಶಿ, ಪದೇ ಪದೇ ಗಡಿಯಾರ ನೋಡುತ್ತಿದ್ದರು.

"ಈ ಸಹಿ ನಿಮ್ದೇನಾ?"

"ನಂದೇ ಸಾರ್."

"ಸ್ಥಳಕ್ಕೆ ಹೋಗಿದ್ರಾ?"

"ಇಲ್ಲ ಸಾರ್. ಖಾಲಿ ಹಾಳೆಗೆ ಹಾಕಿದ್ದು."

"ಸುಳ್ಳು ಮಹಜರಿಗೆ ಸಹಿ ಹಾಕೋದು ಅಪರಾಧ, ಗೊತ್ತಿದೆಯಾ?"

"ಗೊತ್ತು ಸಾರ್."

"ಗೊತ್ತಿದ್ದೂ ಯಾಕೆ ಹಾಕಿದ್ರಿ?"

ಊಟಕ್ಕೆ ಬಂದವರಿಗೆ ಇಲ್ಲ ಅನ್ನುವುದು ಹೇಗೆ ಎಂದು ಅಷ್ಟು ವರ್ಷ ನನಗೆ ನಾನೇ ಹೇಳಿಕೊಂಡ ಕಾರಣ ಆ ಕೋಣೆಯಲ್ಲಿ ಬಾಯಿಗೇ ಬರಲಿಲ್ಲ. "ತಪ್ಪಾಯ್ತು" ಎಂದೆ. ಅವರು ತಲೆಯೆತ್ತಿ ನನ್ನನ್ನು ಒಂದು ಸಲ ನೋಡಿದರು. ಕಾಲಿಗೆ ಅಂಟಿದ ಇಂಬಳವನ್ನು ನಾವು ನೋಡುತ್ತೇವಲ್ಲ, ಹಾಗೆ. ಹಳೆಯ ಮಹಜರು ರದ್ದು, ಹೊಸದಾಗಿ ಸ್ಥಳ ಪರಿಶೀಲನೆ ಮಾಡಿ ವರದಿ ಕೊಡತಕ್ಕದ್ದು ಎಂದು ಬರೆಸಿದರು. ನನ್ನ ಮೇಲೆ ನೋಟಿಸು ಬಂತು. ಅದಕ್ಕೆ ಉತ್ತರ ಕೊಟ್ಟಿದ್ದೇನೆ, ಏನಾಗುತ್ತದೋ ಆಗಲಿ. ಮಾಡಿದ್ದುಣ್ಣೋ ಮಾರಾಯ ಎನ್ನುವುದು ನನಗೂ ಅನ್ವಯಿಸುತ್ತದೆ. ಹಳೆಯ ಆರ್‌ಐಗೆ ವರ್ಗವಾಯಿತು. ಊರಿನವರ ಆನೆ ಪರಿಹಾರದ ಕಡತವನ್ನು ಯಾರೂ ತೆಗೆಯಲಿಲ್ಲ. ತೆಗೆಯಬೇಕಾದರೆ ಯಾರಾದರೂ ಗುಡ್ಡ ಹತ್ತಬೇಕಾಗುತ್ತಿತ್ತು. ಆದರೂ ಟೀ ಅಂಗಡಿಯಲ್ಲಿ ನಾನು ಕೂತರೆ ಈಗ ಪಕ್ಕದ ಬೆಂಚು ಖಾಲಿಯಾಗುತ್ತದೆ.

ಹೊಸ ಮಹಜರಿಗೆ ಬಂದವರು ಹೊಸ ಆರ್‌ಐ, ಎಳೆಯ ವಯಸ್ಸಿನ ಹೆಣ್ಣುಮಗಳು. ಅವರೂ ಜೀಪಿನಿಂದ ಇಳಿದು ಮೊದಲು ನೋಡಿದ್ದು ಕೂರಲು ಜಾಗ ಎಲ್ಲಿದೆ ಎಂದೇ. ನಮ್ಮ ಹಳೆಯ ಕ್ವಾರ್ಟರ್ಸಿಗೆ ಬೀಗ ಬಿದ್ದಿತ್ತು. ಅರ್ಜಿ ಹಾಕಿದವಳು ದಾರಿಯ ಬಾಯಲ್ಲಿ ನಿಂತಿದ್ದಳು, ಕೈಯಲ್ಲಿ ಸುಣ್ಣ ಹೊಗೆಸೊಪ್ಪು ಕಟ್ಟಿದ ಬಟ್ಟೆಯ ಗಂಟು. ಜೊತೆಗೆ ಲೈನಿನ ಇಬ್ಬರು ಮುದುಕಿಯರು, ಅವಳ ಜೊತೆ ಕಾಫಿ ಕುಯ್ದವರು.

"ಇಲ್ಲಿಂದಾನೇ ಕಾಣುತ್ತಲ್ವಾ?" ಎಂದರು ಆರ್‌ಐ.

"ಇಲ್ಲಿಂದ ಕಾಣಕಿಲ್ಲ ಮೇಡಂ. ಇಲ್ಲಿಂದ ನೋಡಿದವ್ರಿಗೆ ನನ್ ಮನೆನೇ ಕಾಣ್ಲಿಲ್ಲ" ಎಂದು ಅವಳು ಬಗ್ಗಿ ಅವರ ಶೂಗೆ, ಕಾಲಿಗೆ ಆ ಗಂಟನ್ನು ಉಜ್ಜಿದಳು. "ಈಗ ಇಂಬಳ ಹತ್ತಲ್ಲ. ಬನ್ನಿ."

ಅವರು ಹತ್ತಿದರು. ನಾನೂ ಹಿಂದೆ ಹತ್ತಿದೆ. ನನಗೆ ಯಾರೂ ಆ ಗಂಟು ಕೊಡಲಿಲ್ಲ. ಮೂವತ್ತು ವರ್ಷ ಕೆಳಗಿನಿಂದ ಬೆರಳು ಮಾಡಿ ತೋರಿಸಿದ ಗುಡ್ಡ ಅದು, ಅರ್ಧ ದಾರಿಗೆ ಏದುಸಿರು ಬಂತು. ಮೇಲೆ ಹೋದರೆ ಶೀಟಿನ ಮನೆ, ಅಂಗಳದಲ್ಲಿ ಒಣಹಾಕಿದ ಮೆಣಸು, ಕಲ್ಲಿನ ಬದು, ಸಾಲು ಹಿಡಿದು ನಿಂತ ಕಾಫಿ. ಅವಳ ಅರ್ಜಿ ಬರೆದುಕೊಟ್ಟ ನಾನು ಆ ಅಂಗಳವನ್ನು ನೋಡಿದ್ದು ಅದೇ ಮೊದಲು.

ಆರ್‌ಐ ಅಲ್ಲೇ ಕಲ್ಲಿನ ಮೇಲೆ ಕೂತು ಬರೆದರು. ಬರೆದಾದ ಮೇಲೆ ಅವಳು, "ರೈಟ್ರೇ, ಓದಿ. ಅವರಿಬ್ರಿಗೂ ಕೇಳ್ಲಿ" ಎಂದಳು. ಓದಿದೆ. ಒಂದೊಂದು ಸಾಲಿಗೂ ಮುದುಕಿಯರು ನಿಲ್ಲಿಸಿದರು. ಹಲಸಿನ ಮರ ಒಂದು ಎಂದು ಓದಿದರೆ ಒಬ್ಬಳು, "ಎಲ್ಲೈತೆ ಒಂದು? ತೊರೆ ತಾವ ಇನ್ನೊಂದಿಲ್ವಾ?" ಎಂದು ತಗಾದೆ ತೆಗೆದಳು. ಆರ್‌ಐ ತೊರೆಯವರೆಗೂ ಇಳಿದು ನೋಡಿ ಬಂದು ಎರಡು ಎಂದು ತಿದ್ದಿದರು. ಬೇಲಿಗೂ ಹೀಗೇ, ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎನ್ನುವುದಕ್ಕೂ ಹೀಗೇ. ಒಂದು ಪುಟಕ್ಕೆ ಒಂದೂವರೆ ಗಂಟೆ ಹಿಡಿಯಿತು. 'ಪಂಚರೊಂದಿಗೆ ಖುದ್ದು ನೋಡಲಾಗಿ' ಎಂಬ ಸಾಲು ಬಂದಾಗ ಮಾತ್ರ ಯಾರೂ ನಿಲ್ಲಿಸಲಿಲ್ಲ.

ಅವಳ ಅರ್ಜಿಗೆ ಮತ್ತೆ ಜೀವ ಬಂದದ್ದು, ಸಾಹುಕಾರರ ನಕ್ಷೆಯಿಂದ ಆ ಮೂಲೆ ಬಿಟ್ಟುಹೋದದ್ದು ಈ ಪುಟದಿಂದಲೇ. ಹಕ್ಕುಪತ್ರ ಇನ್ನೂ ಕೈಗೆ ಬಂದಿಲ್ಲ. ಅವಳನ್ನು ಅಲ್ಲಿಂದ ಎಬ್ಬಿಸಲು ಈಗ ಯಾರಿಗೂ ಆಗುವುದಿಲ್ಲ, ಅಷ್ಟಂತೂ ಆಯಿತು.

ಆ ದಿನ ಆರ್‌ಐ, "ಸರಿ, ಪಂಚರು ಸಹಿ ಮಾಡಿ" ಎಂದರು. ಆ ಮಾತು ಕೇಳಿದ ಕೂಡಲೇ ನನ್ನ ಕೈ ತಾನಾಗಿ ಜೇಬಿಗೆ ಹೋಗಿ ಪೆನ್ನಿನ ಮುಚ್ಚಳ ತೆಗೆದಿತ್ತು.

"ಅವ್ರದ್ದು ಬ್ಯಾಡ ಮೇಡಂ" ಎಂದಳು ಅವಳು.

"ಯಾಕಮ್ಮ? ಓದಿದವರು, ಹಿರಿಯರು. ಇವರಿಬ್ಬರಿಗೆ ಬರೆಯೋಕೆ ಬರಲ್ಲ ಅಂತೀರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕಾಫಿ ಹಣ್ಣಾಗಿದೆಯೋ ಇಲ್ಲವೋ ಎಂದು ಹೇಳುವವಳ ಹಾಗೆ ಹೇಳಿದಳು. "ಇವರಿಬ್ರು ನೋಡಿದ್ರೇನೇ ಹೆಬ್ಬೆಟ್ಟು ಒತ್ತೋದು. ಅವ್ರು ನೋಡ್ದೇನೂ ಹಾಕ್ತಾರೆ."

ಆರ್‌ಐ ಚೀಲದಿಂದ ಶಾಯಿಯ ಪ್ಯಾಡು ತೆಗೆದರು. ಮುದುಕಿಯರು ಒಬ್ಬರಾದ ಮೇಲೆ ಒಬ್ಬರು ಬಗ್ಗಿ, ಹೆಬ್ಬೆರಳು ಅದ್ದಿ, ಎಲ್ಲಿ ಒತ್ತಬೇಕೆಂದು ಎರಡೆರಡು ಸಲ ಕೇಳಿ ಒತ್ತಿದರು. ಅವರು ಶಾಯಿ ಒರೆಸಿಕೊಳ್ಳಲಿ ಎಂದು ನಾನು ಕಾಫಿ ಗಿಡದಿಂದ ಎರಡು ಎಲೆ ಕಿತ್ತು ಕೊಟ್ಟೆ. ಆ ಮಹಜರಿನಲ್ಲಿ ನನ್ನ ಕೆಲಸ ಅಷ್ಟೇ.